ಬೀಳದ ಎರಡು ಏಟು

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ಕಪ್ಪಾಗಿ, ನಡುವೆ ಸೀಳಿತ್ತು. ಕರ್ತೃವಿನ ಕೆಳಗೆ ಆ ಬೆರಳಿಟ್ಟು ಕ್ರಿಯಾಪದದವರೆಗೆ ಎಳೆದರೆ ಕರಿಹಲಗೆ ಕಿರ್ರೆನ್ನುತ್ತಿತ್ತು. ಎಡಗೈಯಲ್ಲಿ ಬೆತ್ತ. ಕಂದು ಕೋಟು ಹಾಕುತ್ತಿದ್ದರು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಕೋಟು ಇತ್ತೋ ಇಲ್ಲವೋ ಈಗ ಖಾತ್ರಿಯಿಲ್ಲ. ಬೆತ್ತ ಇತ್ತು.

ಐವತ್ತರ ದಶಕದ ಕೊನೆಗೆ ಶಿಕಾರಿಪುರದಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಈ ಮೇಷ್ಟ್ರು ಸೊರಬದ ಕಡೆಯವರು. ‘ಹಿ’ ಆದಮೇಲೆ ‘ಕಮ್ಸ್’ ಬರದಿದ್ದರೆ ಅಂಗೈ ಕೆಂಪಾಗುತ್ತಿತ್ತು. “ಆ ಕೊನೇ ಎಸ್ಸನ್ನ ನಿಮ್ಮಜ್ಜ ಬಂದು ಹಚ್ತಾನನಾ?” ಏಟು ತಿನ್ನದವನು ಒಬ್ಬನೇ: ಅಂಜನಾಪುರದಿಂದ ನಡೆದು ಬರುತ್ತಿದ್ದ ಹುಡುಗ. ಅವನಪ್ಪ ಅಕ್ಕಿ ಮಿಲ್ಲಿನ ಗಾಡಿ ಹೊಡೆಯುತ್ತಿದ್ದ.

ಆ ಮಿಲ್ಲಿನ ಸಾಹುಕಾರರು ಶಾಲಾ ಸಮಿತಿಯ ಅಧ್ಯಕ್ಷರು. ಒಂದು ದಿನ ತರಗತಿಗೆ ಬಂದರು. ಮೇಷ್ಟ್ರು ಹೆಮ್ಮೆಯಿಂದ ಅವನನ್ನೇ ಎಬ್ಬಿಸಿದರು.

“ದಿ ಸಾಹುಕಾರ್ ಕಮ್ಸ್. ದಿ ಕಾರ್ಟ್‌ಮನ್ ಕಮ್ಸ್.”

“ಕನ್ನಡದಾಗ ಹೇಳಲೇ,” ಎಂದರು ಸಾಹುಕಾರರು.

“ಸಾಹುಕಾರ ಬರ್ತಾನೆ. ಗಾಡಿಯವನು ಬರ್ತಾನೆ.”

ಯಾರೋ ಕಿಸಕ್ಕೆಂದರು.

“ಬರ್ತಾನಾ? ನಾನೇನು ನಿಮ್ಮಪ್ಪನ ಜೋಡಿ ನೊಗ ಹಿಡ್ಕಂಡು ಬರ್ತೀನೇನಲೇ? ಮೇಷ್ಟ್ರೇ, ಎರಡು ಬಿಗೀರಿ ಇವನಿಗೆ. ಇಲ್ಲಾಂದ್ರೆ ನಾಳೆಯಿಂದ ಮಿಲ್ಲಿಗೆ ಬರ್ಲಿ, ಮೂಟೆ ಹೊರಾಕೆ.”

“ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ರೀ. ಸರಿ ಹೇಳಿದವನನ್ನು ನಾನು ಹೊಡೆಯೋದಿಲ್ಲ.”

ಸಂಜೆ ನಾವು ಹೊರಡುವ ಹೊತ್ತಿಗೆ ಹುಡುಗನ ಅಪ್ಪ ಬಂದ. “ದಿನಾ ಎಲ್ಲಾರಿಗೂ ಹೊಡೀತೀರಂತಲ್ರೀ. ಇವನಿಗೂ ಎರಡು ಹಾಕ್ರಿ, ಸಾಹುಕಾರ್ರ ಎದುರಿಗೆ ಹಾಕ್ರಿ. ಓದೋದೊಂದು ಉಳೀಲಿ.” ಹುಡುಗ ಆಗಲೇ ಅಂಗೈ ಚಾಚಿದ್ದ. ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಮೇಷ್ಟ್ರು ಬೆತ್ತವನ್ನು ಕಪಾಟಿನ ಮೇಲಿಟ್ಟು ಹೊರಟುಹೋದರು.

ಮರುದಿನ ಹುಡುಗನ ಜಾಗ ಖಾಲಿ. ಬೆತ್ತ ಕೆಳಗಿಳಿಯಿತು, ನಮಗೆ ಎಂದಿನಂತೆ ಬಿತ್ತು.

ಸಾಹುಕಾರನಿಗೂ ಬಗ್ಗದ ಮೇಷ್ಟ್ರು ಎಂದು ಊರು ಹೊಗಳಿತು. ಹೊಗಳಿದ ಯಾರೂ ಮಗನನ್ನು ಮಿಲ್ಲಿಗೆ ಕಳಿಸಬೇಕಿರಲಿಲ್ಲ.

ಅವರು ಕಲಿಸಿದ ಇಂಗ್ಲಿಷಿನಿಂದಲೇ ನನಗೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ವರ್ಷಗಳ ನಂತರ ಸೊರಬದಲ್ಲಿ ನೋಡಿದಾಗ ಹಾಸಿಗೆ ಹಿಡಿದಿದ್ದರು.

“ಆ ಅಂಜನಾಪುರದವನು ಏನು ಮಾಡ್ತಾನೆ ಮಾರಾಯ?”

“ಅದೇ ಮಿಲ್ಲಿನಲ್ಲಿ ಮೂಟೆ ಹೊರ್ತಾನೆ ಸಾರ್.”

ಸೀಳುಗುರಿನ ಬೆರಳಿನಿಂದ ಹೊದಿಕೆಯ ಮೇಲೆ ಒಂದು ಗೆರೆ ಎಳೆದರು. “ನಾನು ಮಾಡಿದ್ದು ಸರಿನೇ ಅಲ್ದನಾ?”

“ಸರಿ ಸಾರ್,” ಎಂದೆ.

ಕೆಲವೇ ದಿನಗಳಲ್ಲಿ ತೀರಿಕೊಂಡರು. ‘ಸರಿ’ ಎಂದು ನಾನು ಹೇಳಿದ್ದು ಸುಳ್ಳು. ಅವರ ಋಣಕ್ಕೆ ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ.