ಯಹೂದಿಗಳ ಬೀದಿಯಲ್ಲಿ ಅಕ್ಕ ಮಲಗಿದ ಮಧ್ಯಾಹ್ನ

ಅಮ್ಮ ಹಾಸಿಗೆ ಹಿಡಿದು ಎಂಟು ವರ್ಷ ಇದ್ದಳು. ಅಷ್ಟೂ ವರ್ಷ ಅಜ್ಜಂಪುರದ ಮನೆಯಲ್ಲಿ ನೋಡಿಕೊಂಡವಳು ನನ್ನ ಅಕ್ಕ. ಅಮ್ಮ ಹೋದ ಮೇಲೂ ಅಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜಾಗ ಬದಲಾದರೆ ಸರಿಹೋದಾಳು ಎಂದು ನಾನಿದ್ದ ತರೀಕೆರೆಯಿಂದ ಹೋಗಿ ಅವಳನ್ನು ಹೊರಡಿಸಿದೆ. ಬೀರೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇನ್ನೊಂದು ಹಿಡಿದು ಕೊಚ್ಚಿಗೆ ಬಂದೆವು.

ಅಲ್ಲಿನ ಯಹೂದಿಗಳ ಬೀದಿ ನೋಡಬೇಕೆಂಬುದು ನನ್ನ ಆಸೆ, ಅವಳದಲ್ಲ. ನಾವು ಹೋದದ್ದು ಶನಿವಾರ. ಅದು ಅವರ ವಿಶ್ರಾಂತಿಯ ದಿನವಂತೆ, ಪ್ರಾರ್ಥನಾ ಮಂದಿರಕ್ಕೆ ಬೀಗ ಹಾಕಿತ್ತು. ಯಹೂದಿಗಳು ಬಹುಪಾಲು ಎಂದೋ ಊರು ಬಿಟ್ಟಿದ್ದರು, ಅವರ ಮನೆಗಳೆಲ್ಲ ಅಂಗಡಿಗಳಾಗಿದ್ದವು. ಸುಡುಬಿಸಿಲು. ಬಂದದ್ದೇ ದಂಡವಾಯಿತೇನೋ ಅನ್ನಿಸಿತು.

"ಇನ್ನು ನಡೆಯಕ್ಕಾಗಲ್ಲ ಕಣೋ," ಎಂದು ಅಕ್ಕ ಒಂದು ಹಳೆಯ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆ ಮನೆ ಈಗ ಸಾಂಸ್ಕೃತಿಕ ಕೇಂದ್ರ. ಕೆಳಗೆ ಚಿತ್ರಪ್ರದರ್ಶನ, ಮಹಡಿಯ ಮೇಲೆ ಹಾಡು, ನೃತ್ಯ. ಒಳಗೆ ಕಸ ಗುಡಿಸುತ್ತಿದ್ದ ಹೆಂಗಸು ನಮ್ಮ ಮಾತು ಕೇಳಿಸಿಕೊಂಡು, "ಬನ್ನಿ, ಒಳಗೆ ತಂಪಿದೆ," ಎಂದು ಕನ್ನಡದಲ್ಲೇ ಕರೆದಳು. ಚಿಕ್ಕವಳಿದ್ದಾಗ ಬಾಳೆಹೊನ್ನೂರಿನ ಕಡೆ ಕಾಫಿ ತೋಟದಲ್ಲಿದ್ದಳಂತೆ.

ಬಾಗಿಲ ಚೌಕಟ್ಟಿನಲ್ಲಿ ಓರೆಯಾಗಿ ಒಂದು ಗುರುತಿತ್ತು. ಅದೇನೆಂದು ಕೇಳಿದೆ.

"ದೇವರ ಮಾತು ಬರೆದಿಟ್ಟ ಸಣ್ಣ ಡಬ್ಬಿ ಇತ್ತು ಇಲ್ಲಿ. ಈ ಮನೇಲಿದ್ದ ಯಹೂದಿ ಅಜ್ಜಿ ಒಳಗೆ ಬರುವಾಗೆಲ್ಲ ಅದನ್ನ ಮುಟ್ಟಿ ಬೆರಳಿಗೆ ಮುತ್ತು ಕೊಡೋರು. ಕೊನೆಕೊನೆಗೆ ನಾನೇ ಅವರನ್ನ ಎತ್ಕೊಂಡು ಬರ್ತಿದ್ದೆ. ಆಗಲೂ ಬಿಡ್ತಿರಲಿಲ್ಲ."

ಅಕ್ಕ ತಲೆಯೆತ್ತಿದಳು. "ಎಷ್ಟು ವರ್ಷ ನೋಡ್ಕೊಂಡ್ರಿ?"

"ಆರು."

"ಮಗ್ಗುಲು ಬದಲಾಯಿಸೋದು, ಬಟ್ಟೆ, ಎಲ್ಲಾ?"

"ಎಲ್ಲಾ. ಈಗಲೂ ಸೊಂಟ ನೆಟ್ಟಗಾಗಲ್ಲ."

ಇಬ್ಬರೂ ಗೋಡೆಬದಿಯ ಬೆಂಚಿನ ಮೇಲೆ ಕೂತರು. ನಾನು ಚಿತ್ರ ನೋಡುವವನಂತೆ ಅತ್ತ ತಿರುಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ದನಿ ಕೇಳಿಸಿತು. "ಕೊನೇ ವರ್ಷ, ಸತ್ತೋದ್ರೆ ಸಾಕು ಅನ್ನಿಸ್ತಿತ್ತು ಕಣ್ರೀ. ಹೆತ್ತ ತಾಯಿ ಬಗ್ಗೆ ಹಂಗೆ ಅನ್ನಿಸ್ತು."

"ನನಗೂ ಅನ್ನಿಸ್ತಿತ್ತು," ಎಂದಳು ಆ ಹೆಂಗಸು.

ನಾನು ತಿರುಗಿ ನೋಡುವಷ್ಟರಲ್ಲಿ ಅಕ್ಕ ಸೆರಗು ಹೊದ್ದು ಬೆಂಚಿನ ಮೇಲೆ ಒರಗಿದ್ದಳು. ನಿದ್ದೆ ಬಂದುಬಿಟ್ಟಿತ್ತು. ಚಿತ್ರ ನೋಡಲು ಬಂದವರಿಗೆಲ್ಲ ಆ ಹೆಂಗಸು ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡುತ್ತಿದ್ದಳು. ಮೂರು ಗಂಟೆ ಹೊತ್ತು ಮಲಗಿದಳು ಅಕ್ಕ. ನಾನು ಬೀದಿಯಲ್ಲಿ ಬೇರೇನನ್ನೂ ನೋಡಲಿಲ್ಲ. ನೋಡುವ ಆಸೆಯೂ ಉಳಿದಿರಲಿಲ್ಲ.

ವಾಪಸು ಹೊರಟು ಎರ್ನಾಕುಲಂ ಸ್ಟೇಷನ್ನಿನಲ್ಲಿ ಟೀ ಕುಡಿಯುತ್ತಾ, "ನನ್ನ ಹತ್ರ ಹೇಳ್ಬೋದಿತ್ತಲ್ಲಕ್ಕಾ," ಎಂದೆ.

"ನೀನು ಭಾನುವಾರ ಬರ್ತಿದ್ದೆ. ಅಮ್ಮನ ಕೈ ಹಿಡ್ಕೊಂಡು ಅರ್ಧ ಗಂಟೆ ಕೂತು ಬಸ್ಸಿಗೆ ಹೊತ್ತಾಯ್ತು ಅಂತಿದ್ದೆ. ನಿನಗೇನಂತ ಹೇಳ್ಲಿ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎದುರಾಡಬಹುದಿತ್ತು. ನಾನು ಎರಡೂ ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದೆ.