ಅಮೃತ ಹಗ್ಗ ಹಿಡಿಯಲಿಲ್ಲ

ಬಸವಕಲ್ಯಾಣದ ಆಟೋನಗರದಲ್ಲಿ ಅಮೃತನ ರಟ್ಟೆಯ ಸುದ್ದಿ ಗೊತ್ತಿಲ್ಲದ ಲಾರಿ ಡ್ರೈವರ್ ಇಲ್ಲ. ಲಾರಿಯ ಕೆಳಗೆ ಭಾರ ಹೊರುವ ಕಮಾನು ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಕೂಡಿಸುವುದು ಅವನ ಕಸಬು. ಇಬ್ಬರು ಸೇರಿ ಎತ್ತುವ ಕಮಾನನ್ನು ಅವನು ಒಬ್ಬನೇ ತೊಡೆಗೆ ಆನಿಸಿಕೊಂಡು ಎತ್ತುತ್ತಿದ್ದ. ಅವನು ದೊಡ್ಡ ಸುತ್ತಿಗೆ ಬೀಸತೊಡಗಿದರೆ ಆಚೆ ಗ್ಯಾರೇಜಿನವರು ಚಹಾ ಕುಡಿಯುವುದು ಬಿಟ್ಟು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆಂದು ಅವನಿಗೂ ಗೊತ್ತಿತ್ತು. ಅಂಗಿಯ ತೋಳನ್ನು ಇನ್ನೊಂದು ಮಡಿಕೆ ಮೇಲೆ ಏರಿಸುತ್ತಿದ್ದ.

ಇಂಥ ಮನುಷ್ಯನನ್ನು ಒಂದು ಸಣ್ಣ ಬಾಟಲಿ ಎತ್ತಿ ಎತ್ತಿ ಒಗೆಯುತ್ತಿತ್ತು. ಕುಡಿತ ಅವನನ್ನು ಹಿಡಿದದ್ದು ಯಾವಾಗ ಎಂದು ಅವನಿಗೇ ನೆನಪಿಲ್ಲ. ಬಿಡಲು ಹೊರಟದ್ದು ಮಾತ್ರ ಇಡೀ ಗಲ್ಲಿಗೆ ನೆನಪಿದೆ. ಯಾಕೆಂದರೆ ಅವರ ಕ್ರೈಸ್ತ ಸಭೆಯಲ್ಲಿ ಒಂದು ರೂಢಿ ಇದೆ. ಕುಡಿತ ಬಿಡುತ್ತೇನೆ ಎನ್ನುವವನು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಎದುರು ಆಣೆ ಮಾಡಬೇಕು, ಆಮೇಲೆ ಚರ್ಚಿನ ಬಾಗಿಲ ಹೊರಗೆ ತೂಗುಹಾಕಿದ ಗಂಟೆಯ ಹಗ್ಗ ಹಿಡಿದು ತಾನೇ ಬಾರಿಸಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದರೆ ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಮಸೀದಿಯ ಮುಂದೆ ಕೂತ ಮುದುಕರು ಎಲ್ಲರಿಗೂ ತಿಳಿಯಬೇಕು, ಇಂದು ಯಾರೋ ಬಿಟ್ಟ ಎಂದು. ಊರಿಗೆಲ್ಲ ಗೊತ್ತಾದರೆ ನಾಚಿಕೆಗಾದರೂ ನೆಟ್ಟಗಿರುತ್ತಾನೆ ಎಂಬುದು ಹಿರಿಯರ ಲೆಕ್ಕಾಚಾರ. ನಾಚಿಕೆಗೆ ಕುಡಿತ ಬಿಟ್ಟ ಗಂಡಸು ಇನ್ನೂ ಹುಟ್ಟಬೇಕು! ನಾಚಿಕೆಗೆ ಬಚ್ಚಿಟ್ಟು ಕುಡಿದವರು ಬೇಕಾದಷ್ಟು ಇದ್ದಾರೆ.

ಅಮೃತ ನಾಲ್ಕು ಸಲ ಆ ಗಂಟೆ ಬಾರಿಸಿದ್ದ. ಬೇರೆಯವರು ಬಾರಿಸಿದರೆ ಗಲ್ಲಿಗೆ ಕೇಳುತ್ತಿತ್ತು, ಇವನು ಬಾರಿಸಿದರೆ ಕೋಟೆಯವರೆಗೆ ಕೇಳುತ್ತಿತ್ತು. ಪ್ರತಿ ಸಲವೂ ಹಾರ, ಚಪ್ಪಾಳೆ, ಬಾಯಿಗೆ ಪೇಢೆ. “ಅಮೃತ ಅಂದ್ರ ಏನಂತ ತಿಳಕೊಂಡೀರಿ? ಮನಸ್ಸು ಮಾಡಿದ್ರ ಮುಗೀತು” ಎಂದು ಎದೆಯುಬ್ಬಿಸಿ ಮನೆಗೆ ಬರುತ್ತಿದ್ದ. ಆಮೇಲೆ ಹಲ್ಲು ಕಚ್ಚಿಕೊಂಡು ಕೆಲವು ವಾರ. ಆ ವಾರಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತಿರಲಿಲ್ಲ, ಅಷ್ಟು ಸಿಡುಕು. ಹಲ್ಲು ಎಷ್ಟು ದಿನ ಕಚ್ಚಿರಲು ಸಾಧ್ಯ? ಒಂದು ಸಂಜೆ ಸಡಿಲವಾಗುತ್ತಿತ್ತು. ಗಂಟೆ ಬಾರಿಸಿದವನು ಎಲ್ಲರ ಕಣ್ಣೆದುರು ಕುಡಿಯುವುದು ಹೇಗೆ? ಬಾಟಲಿ ಹಳೆಯ ಪಟ್ಟಿಗಳ ರಾಶಿಯ ಕೆಳಗೆ ಹೋಗುತ್ತಿತ್ತು, ಬಾಯಿಗೆ ಲವಂಗ ಬರುತ್ತಿತ್ತು. ಹೆಂಡತಿ ಸೋನುಬಾಯಿಗೆ ಲವಂಗದ ವಾಸನೆ ಬಂದರೆ ಸಾಕು, ಮತ್ತೆ ಶುರುವಾಯಿತೆಂದು ತಿಳಿಯುತ್ತಿತ್ತು. ಈಗಲೂ ಅವಳು ಪಲಾವಿಗೆ ಲವಂಗ ಹಾಕುವುದಿಲ್ಲ.

ನಾಲ್ಕನೆಯ ಸಲ ಗಂಟೆ ಬಾರಿಸಿದ ಮೇಲೆ ಒಂದು ದಿನ ಮಗಳು ಪ್ರಣಿತಾ ರಜೆಗೆ ಮನೆಗೆ ಬಂದಳು. ಹುಮನಾಬಾದಿನ ಒಂದು ದವಾಖಾನೆಯಲ್ಲಿ ಅವಳು ನರ್ಸು. ಅಪ್ಪನ ಪಕ್ಕದಲ್ಲಿ ಕೂತು, “ಪಪ್ಪಾ, ನಮ್ಮ ವಾರ್ಡಿನಾಗ ಕುಡುಕ್ರು ಬಂದ್ರ ನಾ ನಿಮ್ಮ ಸುದ್ದಿನೇ ಹೇಳ್ತೀನಿ ನೋಡ್ರಿ. ನಮ್ಮ ಪಪ್ಪಾ ಬಿಟ್ಟಾರ, ನಿಮಗ ಯಾಕ ಆಗಂಗಿಲ್ಲ ಅಂತ ಕೇಳ್ತೀನಿ. ನಿಮ್ಮಷ್ಟು ಗಟ್ಟಿ ಮನುಷ್ಯಾ ಎಲ್ಲೂ ಇಲ್ಲ” ಎಂದಳು. ಆಗ ಬಾಟಲಿ ಅವನ ಸೊಂಟದಲ್ಲೇ ಇತ್ತು, ಅಂಗಿಯ ಕೆಳಗೆ. ಅವನು ಹೂಂ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಗಳಿದ್ದು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಒಂದು ಲಾರಿಯ ಕೆಳಗೆ ತೂರಿಕೊಂಡ ಅಮೃತ ಬಹಳ ಹೊತ್ತು ಹೊರಗೆ ಬರಲಿಲ್ಲ. ನಟ್ಟು ಬಿಚ್ಚುವ ಪಾನೆಯ ಸದ್ದೂ ಇಲ್ಲ. ಮಾಲೀಕ ಅಲ್ತಾಫ್ ಬಗ್ಗಿ ನೋಡಿದರೆ, ಇವನು ಅಂಗಾತ ಮಲಗಿ ಅಳುತ್ತ, “ನನ್ನಿಂದ ಆಗಂಗಿಲ್ಲ ಸ್ವಾಮಿ. ಆಗಂಗಿಲ್ಲ ಅಂದ್ರ ಆಗಂಗಿಲ್ಲ. ಇವತ್ತೊಂದು ದಿನ ನೀನೇ ದಾಟಸು” ಎನ್ನುತ್ತಿದ್ದ. ಇಷ್ಟು ವರ್ಷ ಅವನು ದೇವರಿಗೆ ಮಾತು ಕೊಟ್ಟಿದ್ದ, ಕೈಚಾಚಿ ಕೇಳಿರಲಿಲ್ಲ.

ಅಲ್ತಾಫ್ ನಗಲಿಲ್ಲ. ಚಹಾ ತರಿಸಿ ಕೇಳಿದ, “ಉಸ್ತಾದ್, ಮತ್ತ ಗಂಟಿ ಹೊಡೀತಿಯೇನು?”

“ಇಲ್ಲ.”

“ಕಸಮ್? ಆಣಿ?”

“ಕಸಮೂ ಇಲ್ಲ.”

“ಮತ್ತ ಹ್ಯಾಂಗ ಬಿಡ್ತಿ?”

“ನಾ ಎಲ್ಲಿ ಬಿಡ್ತೀನಿ ಅಲ್ತಾಫ್ ಭಾಯ್? ಬಿಟ್ಟು ಬಿಟ್ಟು ಸಾಕಾಗೇದ. ಅಂವ ಬಿಡಸ್ಬೇಕು. ಇವತ್ತಿಂದು ಕೇಳೀನಿ, ನಾಳಿಂದು ನಾಳಿ ಕೇಳ್ತೀನಿ. ನೀ ಒಂದು ಕೆಲಸ ಮಾಡು. ಸಂಜಿಕ ಆ ಸಾರಾಯಿ ಅಂಗಡಿ ದಾಟೂತನಕ ನನ್ನ ರಟ್ಟಿ ಹಿಡಕೊ.”

ಅಂದಿನಿಂದ ಆಟೋನಗರಕ್ಕೆ ಹೊಸ ತಮಾಷೆ ಸಿಕ್ಕಿತು. ಗಾಳಿಗೆ ಹಾರಿಹೋಗುವಂಥ ಅಲ್ತಾಫ್ ಈ ದೈತ್ಯನ ತೋಳು ಹಿಡಿದು ಸಾರಾಯಿ ಅಂಗಡಿ ದಾಟಿಸುವುದು! ಸಣ್ಣ ಮಕ್ಕಳನ್ನು ರಸ್ತೆ ದಾಟಿಸಿದ ಹಾಗೆ. ಜನ ಸಿಳ್ಳೆ ಹೊಡೆದರು. ಅಮೃತ ತಲೆ ತಗ್ಗಿಸಲಿಲ್ಲ. “ನಗ್ರಿ ನಗ್ರಿ, ನಿಮ್ಮ ಹಲ್ಲಿಗಿ ಬಿಸಲು ಬೀಳಲಿ” ಎಂದು ಕೂಗಿ ಮುಂದೆ ಹೋಗುತ್ತಿದ್ದ. ಮೊದಮೊದಲು ಒಂದು ಸಲ ಜಾರಿದ್ದೂ ಉಂಟು. ಆದರೆ ಅಂದು ಲವಂಗ ಜಗಿಯಲಿಲ್ಲ. ನೆಟ್ಟಗೆ ಮನೆಗೆ ಬಂದು, “ಸೋನು, ಇವತ್ತ ಕುಡದೀನಿ” ಎಂದ. ಸೋನುಬಾಯಿ ಬೈಯಲಿಕ್ಕೆ ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಆ ಮಾತನ್ನು ತಾನಾಗಿ ಹೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಮತ್ತೆ ಲಾರಿಯ ಕೆಳಗೆ, ಮತ್ತೆ ಅದೇ ಬೇಡಿಕೆ. ಆಮೇಲೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂತು, ಅವನು ಮುಟ್ಟಲಿಲ್ಲ.

ಅಷ್ಟರಲ್ಲಿ ಪ್ರಣಿತಾಳಿಗೆ ಸಂಬಂಧ ಕೂಡಿಬಂತು. ಹುಡುಗ ಪ್ರಮೋದ, ಹುಮನಾಬಾದಿನವನು, ಅವಳದೇ ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ತೊಡಕು ಒಂದೇ, ಹುಡುಗನ ತಾಯಿ ಮನೋರಮಾಬಾಯಿ. ಅವಳ ಗಂಡ ಕುಡಿದು ಕುಡಿದು ಸತ್ತಿದ್ದ. ಸಾಯುವ ಮುಂಚೆ ಮಗನ ತಲೆ ಮೇಲೆ ಕೈಯಿಟ್ಟು ಎಷ್ಟು ಆಣೆ ಮಾಡಿದ್ದನೋ ಅವಳೇ ಎಣಿಸುವುದು ಬಿಟ್ಟಿದ್ದಳು. ಅಮೃತನ ಹಳೆಯ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಚರ್ಚಿನ ಹಿರಿಯ ದೇವದಾನ ಮಾಸ್ತರ್ ನಡುವೆ ಬಂದು, “ಅದೇನು ದೊಡ್ಡ ಮಾತು? ಬರೋ ಭಾನುವಾರ ನಿಮ್ಮ ಕಣ್ಣ ಮುಂದ ಆಣಿ ಮಾಡಿ ಗಂಟಿ ಹೊಡೀತಾನ. ಆಮ್ಯಾಲ ಲಗ್ನದ ತಾರೀಖು ಹಿಡಿಯೂಣು” ಎಂದು ಮಾತು ಕೊಟ್ಟುಬಿಟ್ಟರು. ಯಾರ ಪರವಾಗಿ? ಅಮೃತನ ಪರವಾಗಿ. ಅಮೃತನನ್ನು ಕೇಳಿದರೇ? ಅದೊಂದು ಬಿಟ್ಟು ಎಲ್ಲ ಮಾಡಿದರು.

ಭಾನುವಾರ ಬೆಳಿಗ್ಗೆ ಸೋನುಬಾಯಿ ಕೈ ಮುಗಿದಳು. “ಹುಡುಗಿ ಬಾಳಿನ ಪ್ರಶ್ನೆ ಅದ. ಒಂದು ಸಲ ಹಗ್ಗ ಎಳದ್ರ ನಿಮ್ದೇನು ಹೋಗ್ತದ?”

ಅಮೃತ ಮಗಳ ಮುಖ ನೋಡಿದ. ಪ್ರಣಿತಾ ಹೊಸ ಸೀರೆ ಉಟ್ಟಿದ್ದಳು, ಏನೂ ಕೇಳಲಿಲ್ಲ. ಅವಳು ಕೇಳದಿರುವುದೇ ಅವನಿಗೆ ಹೆಚ್ಚು ಭಾರವಾಯಿತು. ಚರ್ಚಿನವರೆಗೆ ನಡೆಯುವಾಗ ಅವನು ಲೆಕ್ಕ ಹಾಕುತ್ತಿದ್ದ. ಹಗ್ಗ ಎಳೆಯುವುದು ಎಷ್ಟು ಸುಲಭ, ಎಲ್ಲರೂ ಖುಷಿಪಡುತ್ತಾರೆ, ಮಗಳ ಲಗ್ನವಾಗುತ್ತದೆ. ಆದರೆ ಆ ಹಗ್ಗ ಹಿಡಿದ ಕ್ಷಣ ತಾನು ಮತ್ತೆ ಆ ಹಳೆಯ ಅಮೃತನೇ ಆಗುತ್ತೇನೆ, ಎದೆಯುಬ್ಬಿಸಿ ಬಂದು ಕೆಲವು ವಾರಕ್ಕೆ ಬಚ್ಚಿಡುವವನು. ಅದು ಅವನಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು.

ಆರಾಧನೆ ಮುಗಿಯಿತು. ಪಾಸ್ಟರು ಎಲ್ಲರನ್ನೂ ಹೊರಗೆ ಕರೆದರು. ಗಂಟೆಯ ಸುತ್ತ ಜನ ನಿಂತರು, ಹೆಂಗಸರ ಸಾಲಿನಲ್ಲಿ ಮನೋರಮಾಬಾಯಿ ಸೆರಗು ಬಿಗಿದು ನಿಂತಳು. ಯಾರೋ ಚೆಂಡುಹೂವಿನ ಹಾರ ಹಿಡಿದಿದ್ದರು. ದೇವದಾನ ಮಾಸ್ತರ್ ಹಗ್ಗವನ್ನು ಅವನ ಕೈಗೆ ಕೊಡಲು ಬಂದರು. ಅಮೃತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಾ ಹೊಡ್ಯಾಂಗಿಲ್ರಿ.”

ಮಾಸ್ತರ ಮುಖ ಕೆಂಪಾಯಿತು. “ಏನಂದಿ?”

“ಆಣಿನೂ ಮಾಡಂಗಿಲ್ಲ, ಗಂಟಿನೂ ಹೊಡ್ಯಾಂಗಿಲ್ಲ.”

“ದೇವರ ಮುಂದ ಮಾತು ಕೊಡಾಕ ಹೆದರ್ತಿ ಅಂದ್ರ ನಿನ್ನೊಳಗ ಕಳ್ಳ ಅದಾನ!”

“ಅದಾನ್ರಿ ಮಾಸ್ತರ್” ಎಂದ ಅಮೃತ, ಗಲ್ಲಿಗೆಲ್ಲ ಕೇಳುವ ಹಾಗೆ. “ಇಷ್ಟು ದಿನ ನೀವು ಆ ಕಳ್ಳನ ಕೈಲೇ ಆಣಿ ಮಾಡಸ್ತಿದ್ರಿ. ಅವನ ಕೊರಳಿಗೇ ಹಾರ ಹಾಕ್ತಿದ್ರಿ. ನಾಕು ಸಲ ಹಾಕೀರಿ. ಅಂವ ಪೇಢಾ ತಿಂದು ಮನಿಗಿ ಹೋಗಿ ಕುಡದಾನ. ಐದನೇ ಸಲ ಹಾಕಾಕ ನಿಮಗ ನಾಚಿಕಿ ಬರಂಗಿಲ್ಲೇನ್ರಿ?”

ಗುಂಪಿನಲ್ಲಿ ಗುಸುಗುಸು ಎದ್ದಿತು. ಪಾಸ್ಟರು ಸಮಾಧಾನ ಮಾಡಲು ಮುಂದೆ ಬಂದರು. “ಅಮೃತ, ಸಭಾದಾಗ ಒಂದು ರೂಢಿ ಅದಪಾ. ನಿನ್ನ ಮಗಳ ಸಲುವಾಗಿ...”

“ಮಗಳ ಸಲುವಾಗೇ ಬ್ಯಾಡ ಅನ್ನಾಕತ್ತೇನಿ ಅಯ್ನೋರ. ನನ್ನ ರಟ್ಟ್ಯಾಗ ತಾಕತ್ತದ, ಲಾರಿ ಎತ್ತಂದ್ರ ಎತ್ತತೀನಿ. ಈ ಚಟ ಎತ್ತಿ ಒಗಿಯೂ ತಾಕತ್ತು ನನಗ ಇಲ್ಲ. ಇದ್ದಿದ್ರ ಮೊದಲನೇ ಸಲಕ್ಕೇ ಬಿಡ್ತಿದ್ದೆ. ದಿನಾ ಮುಂಜಾನೆ ದೇವರ ಮುಂದ ಭಿಕ್ಷಾ ಬೇಡ್ತೀನಿ. ಅಂವ ಇವತ್ತಿಂದು ಇವತ್ತ ಕೊಡ್ತಾನ. ನಾಳಿಂದು ನನ್ನ ಕೈಯಾಗ ಇಲ್ಲ. ನನ್ನ ಕೈಯಾಗ ಇಲ್ಲದ್ದನ್ನ ನಿಮಗ ಹ್ಯಾಂಗ ಕೊಡ್ಲಿ?”

ಸೋನುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡಳು ಪಾಪ. ಅಷ್ಟರಲ್ಲಿ ಮನೋರಮಾಬಾಯಿ ಹೆಂಗಸರ ಸಾಲಿನಿಂದ ಮುಂದೆ ಬಂದಳು. ಕುಳ್ಳ ಹೆಂಗಸು, ಅಮೃತನ ಎದೆಮಟ್ಟಕ್ಕೂ ಬರುವುದಿಲ್ಲ. ಆದರೂ ಅವಳ ದನಿ ಕೇಳಿ ಜನ ಹಿಂದೆ ಸರಿದರು.

“ಅಣ್ಣಾರ, ಇವರದ್ದೆಲ್ಲ ಬಿಡ್ರಿ. ನನಗ ಹೇಳ್ರಿ. ನಾಳಿ ನೀವು ಕುಡದ್ರ ಏನು?”

“ಕುಡದ್ರ ನಾನೇ ನಿಮ್ಮ ಮನಿ ಮುಂದ ಬಂದು ಕುಡದೀನಿ ಅಂತ ಹೇಳ್ತೀನಿ ಅಕ್ಕೋರ. ಆಣಿ ಮಾಡಿಸಿದ್ರಿ ಅಂದ್ರ ಹೇಳಂಗಿಲ್ಲ, ಬಚ್ಚಿಡ್ತೀನಿ. ಆಣಿ ಮಾಡಿದಾಂವಗ ಸುಳ್ಳು ಬಿಟ್ರ ಬ್ಯಾರೆ ಗತಿ ಇಲ್ಲ.”

ಮನೋರಮಾಬಾಯಿಯ ಗಂಡ ಜೋಳದ ಡಬ್ಬಿಯಲ್ಲಿ, ದನದ ಗೋದಲಿಯಲ್ಲಿ, ಒಮ್ಮೆ ಮಗನ ಶಾಲೆಯ ಚೀಲದಲ್ಲೂ ಬಾಟಲಿ ಬಚ್ಚಿಟ್ಟಿದ್ದ. ಪ್ರತಿ ಸಲ ಸಿಕ್ಕಿಬಿದ್ದಾಗಲೂ ಇನ್ನೊಂದು ಆಣೆ ಮಾಡುತ್ತಿದ್ದ. ನನ್ನಿಂದ ಆಗುವುದಿಲ್ಲ ಎಂದು ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ಅವಳೂ ಅವನ ಪಕ್ಕದಲ್ಲಿ ಮೊಣಕಾಲೂರಿ ಬೇಡುತ್ತಿದ್ದಳು. ಅವಳ ಕಣ್ಣು ತುಂಬಿದ್ದನ್ನು ಅಮೃತ ಕಂಡ, ಕಾರಣ ಮಾತ್ರ ತಿಳಿಯಲಿಲ್ಲ.

“ನಾಳಿ ನಮ್ಮ ಮನಿಗಿ ಬರ್ರಿ. ಒಬ್ರೇ ಬರ್ರಿ” ಎಂದಷ್ಟೇ ಹೇಳಿ ಅವಳು ಮಗನನ್ನು ಕರೆದುಕೊಂಡು ಬಸ್ಸಿಗೆ ನಡೆದಳು. ದೇವದಾನ ಮಾಸ್ತರ್ ಆ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ತಮ್ಮ ಚೀಲದಲ್ಲಿ ತುರುಕಿಕೊಂಡರು.

ಸೋಮವಾರ ಅಮೃತ ಅಲ್ತಾಫನಿಗೆ ಹೇಳಿ ಹುಮನಾಬಾದಿನ ಬಸ್ಸು ಹತ್ತಿದ. ಬಸ್ಸಿನಲ್ಲಿ ಕೂತಷ್ಟು ಹೊತ್ತು ಧೈರ್ಯವಿತ್ತು. ಇಳಿದ ಮೇಲೆ ಹೋಯಿತು. ದಾರಿಯಲ್ಲೇ ಎದುರಿಗೆ ಸಾರಾಯಿ ಅಂಗಡಿ, ಬಾಗಿಲು ತೆರೆದೇ ಇತ್ತು. ಆ ಹೆಂಗಸು ಏನು ಹೇಳುತ್ತಾಳೋ, ಮಗಳ ಬಾಳು ತಾನೇ ಕೆಡಿಸಿದೆನೋ ಎಂಬ ಹೆದರಿಕೆ ಒಂದು ಕಡೆ, ಒಂದು ಗುಟುಕು ಬಿದ್ದರೆ ಆ ಹೆದರಿಕೆ ಹೋಗುತ್ತದೆ ಎಂಬ ಹಳೆಯ ಚಟ ಇನ್ನೊಂದು ಕಡೆ. ತೋಳು ಹಿಡಿಯಲು ಅಲ್ತಾಫ್ ಇರಲಿಲ್ಲ. ಅಮೃತ ನಡುರಸ್ತೆಯಲ್ಲಿ ನಿಂತು ಮೇಲೆ ನೋಡಿ, “ನನ್ನಿಂದ ಆಗವಲ್ದು, ದಾಟಸು!” ಎಂದು ಗಟ್ಟಿಯಾಗಿ ಕೂಗಿದ. ಆಟೋದವನೊಬ್ಬ, “ಎಲ್ಲಿಗಿ ದಾಟಸ್ಬೇಕ್ರಿ ಕಾಕಾ?” ಎಂದು ಕೇಳಿದ. ಅವನಿಗೆ ನಗು ಬಂತು. ನಗುತ್ತಲೇ ಆ ಆಟೋ ಹತ್ತಿ ಕೂತ.

ಬಾಗಿಲು ತೆರೆದವಳು ಮನೋರಮಾಬಾಯಿಯೇ. ಒಳಗೆ ಬರ್ರಿ ಎನ್ನಲಿಲ್ಲ. ಒಂದು ಮಣೆ ತಂದು ಹೊಸ್ತಿಲ ಬಳಿ ಇಟ್ಟು, ಅದರ ಮೇಲೆ ಹತ್ತಿ ನಿಂತಳು. “ಬಾಯಿ ತಗೀರಿ” ಎಂದಳು.

ಬೀದಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಕೊಡ ಹಿಡಿದು ನಿಂತು ನೋಡಿದರು. ಊರೆಲ್ಲ ಉಸ್ತಾದ್ ಎನ್ನುವ ಆ ಗಂಡಸು ಬಾಗಿ, ಅವರೆಲ್ಲರ ಎದುರು ಬಾಯಿ ಅಗಲಿಸಿ ನಿಂತ. ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಮನೋರಮಾಬಾಯಿ ಮೂಗು ಹತ್ತಿರ ತಂದು ಮೂಸಿದಳು. ಸಾಕಾಗಲಿಲ್ಲವೇನೋ, ಇನ್ನೊಮ್ಮೆ ಮೂಸಿದಳು. ಲವಂಗವೂ ಇಲ್ಲ, ಏಲಕ್ಕಿಯೂ ಇಲ್ಲ, ಬೆಳಗಿನ ಚಹಾದ ವಾಸನೆ ಮಾತ್ರ.

“ಇವತ್ತಿಂದು ಕೇಳಿಕೊಂಡು ಬಂದೀರಿ?”

“ಎರಡು ಸಲ ಕೇಳೀನಿ ಅಕ್ಕೋರ. ಒಂದ್ಸಲಕ್ಕ ಸಾಲಲಿಲ್ಲ.”

ಅವಳು ಮಣೆಯಿಂದ ಇಳಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ತಿರುಗಿ ಕೂಗಿದಳು.

“ಏ ಪ್ರಮೋದ, ಬೀಗರು ಬಂದಾರ. ಚಹಾ ಇಡು.”