ಮರಳಗೋಡೆಯ ಬುಡದ ಒರತೆ

ಚರ್ರ್, ಚರ್ರ್ ಎಂದು ಸಲಿಕೆಗಳು ಮರಳಿಗೆ ಇಳಿಯುವ ಸದ್ದು. ಆಗೆಲ್ಲ ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದದ್ದೇ ಆ ಸದ್ದಿಗೆ. ನಮ್ಮ ಮನೆ ತುಮಕೂರು ಟೌನಿನ ಉಪ್ಪಾರಹಳ್ಳಿಯಲ್ಲಿ. ಕುಣಿಗಲ್‌ವರೆಗೆ ಬಸ್ಸು, ಅಲ್ಲಿಂದ ಶಿಂಷಾ ಹೊಳೆದಡದ ಅಜ್ಜಿಯ ಊರಿಗೆ ಎತ್ತಿನ ಗಾಡಿ. ಎಲ್ಲೋ ದೊಡ್ಡ ಬಿಲ್ಡಿಂಗು ಏಳುತ್ತಿತ್ತಂತೆ, ಅದಕ್ಕೆ ಮರಳು ಒಯ್ಯಲು ಹೊಳೆಯೊಳಗೆ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು.

ಬೇಸಿಗೆಯಲ್ಲಿ ಹರಿವು ನಿಂತರೂ ಮರಳಿನೊಳಗೆ ನೀರಿರುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ತೋಡಿದರೆ ಒರತೆ ಒಸರುತ್ತಿತ್ತು. ಮೊದಲ ಮೂರು ಚಿಪ್ಪು ಹೊಳೆಗೇ ಚೆಲ್ಲಿ, ತಿಳಿಯಾದ ಮೇಲೆ ಕೊಡ ತುಂಬಬೇಕು. ಒದ್ದೆ ಮರಳಿನ ವಾಸನೆಯ ಆ ನೀರಲ್ಲಿ ಬೆಂದ ಹುರುಳಿಯ ಬಸ್ಸಾರು! ನಮ್ಮ ಟೌನಿನ ನಲ್ಲಿ ನೀರಿಗೆ ಆ ರುಚಿ ಎಲ್ಲಿ?

ಆ ವರ್ಷ ಒರತೆಗಳು ಬತ್ತಿದವು. ಲಾರಿಯವರು ಆಳಕ್ಕೆ ಬಗೆದಂತೆಲ್ಲ ನೀರೂ ಕೆಳಗಿಳಿದಿತ್ತು. ಅವರ ಗುಂಡಿಯ ತಳದಲ್ಲಾದರೆ ಒಂದು ಮೊಳ ತೋಡಿದರೆ ಸಾಕು, ನೀರು. ಆದರೆ ಪಕ್ಕದಲ್ಲೇ ಎರಡಾಳೆತ್ತರದ ಮರಳಿನ ಗೋಡೆ.

“ಗುಂಡಿತಾವ ಹೋಗ್ಬ್ಯಾಡ್ರೇ, ನಿಮ್ ದಮ್ಮಯ್ಯ,” ಅಂದಿದ್ದಳು ಅಜ್ಜಿ. ನಾನೂ ಸೋದರಮಾವನ ಮಗಳು ಪುಟ್ಟಿಯೂ ಅಲ್ಲಿಗೇ ಹೋದೆವು. ಅವಳಿಗೆ ಹನ್ನೆರಡು, ನನಗೆ ಹತ್ತು.

“ಏಯ್ ಕಾನ್ವೆಂಟು, ಫ್ರಾಕ್ ಗಲೀಜಾಯ್ತದೆ, ಅತ್ಲಾಗ್ ನಿಂತ್ಕೊ,” ಎಂದು ನಗುತ್ತ ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು ತೋಡತೊಡಗಿದಳು.

“ಪುಟ್ಟೀ, ಮೇಲಿಂದ ಮರಳು ಉದುರ್ತಿದೆ ಕಣೇ.”

“ಉದುರ್ಲಿ ಬುಡು. ಮರಳೇನ್ ಕಚ್ತದಾ?”

ನದಿ ದಡ ಕೊರೆಯುವುದಕ್ಕೆ ‘ಎರೋಷನ್’ ಅಂತಾರೆ ಎಂದು ಬೈಹಾರ್ಟ್ ಮಾಡಿ, ಜಿಯಾಗ್ರಫಿ ಸಿಸ್ಟರ್ ಹತ್ತಿರ ‘ವೆರಿ ಗುಡ್’ ಅನ್ನಿಸಿಕೊಂಡವಳು ನಾನು. ಆದರೂ ಅವಳ ಕೈ ಹಿಡಿದು ಎಳೆಯಲಿಲ್ಲ.

ಗೋಡೆ ಮೆತ್ತಗೆ, ಹಾಸಿಗೆ ಮಡಚಿದ ಹಾಗೆ ಬಗ್ಗಿತು. ಪುಟ್ಟಿ ಇದ್ದ ಕಡೆ ಬರೀ ಮರಳು. ಲಾರಿಗಳತ್ತ ತಿರುಗಿ ಕಿರುಚಿದೆ.

ಲೋಡಿಂಗಿನವರು ಓಡಿ ಬಂದರು. “ಸಲಿಕೆ ಬ್ಯಾಡ ಕಣ್ರಲಾ! ಮಗೀಗ್ ತಗುಲ್ತದೆ! ಕೈಯಲ್ ಬಗೀರಿ!” ಎಂದು ಒಬ್ಬ ಮುದುಕ ಅರಚಿದ. ಬಗೆದಷ್ಟೂ ಮರಳು ಜಾರಿ ತುಂಬಿಕೊಳ್ಳುತ್ತಿತ್ತು. ಮೊದಲು ಜಡೆ ಸಿಕ್ಕಿತು. ಆಮೇಲೆ ಹಣೆ, ನೀಲಿ ತುಟಿ. ಮುದುಕ ಬಾಯೊಳಗೆ ಬೆರಳು ಹಾಕಿ ಮರಳು ತೆಗೆದ. ಎಲ್ಲರೂ ಅವಳ ಮೂಗನ್ನೇ ನೋಡುತ್ತಿದ್ದೆವು. ಕೊನೆಗೂ ಒಂದು ಕೆಮ್ಮು ಬಂತು.

ಪುಟ್ಟಿ ಉಳಿದಳು. ಹೊಳೆಗೆ ಮಾತ್ರ ಮತ್ತೆಂದೂ ಇಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕಲ್ಲುಬಂಡೆ ಕಾಣುವವರೆಗೂ ಮರಳು ಹೋಯಿತು. ಪ್ರತಿ ಪ್ರವಾಹಕ್ಕೂ ದಡ ಕುಸಿದು, ಮಾವನ ತೆಂಗಿನ ಸಾಲೊಂದು ಹೊಳೆ ಪಾಲಾಯಿತು. ಈಗ ಲಾರಿಗಳಿಲ್ಲ. ಚೆಕ್ ಡ್ಯಾಮ್ ಕಟ್ಟಿ, ದಡಕ್ಕೆ ಹೊಂಗೆ ಸಸಿ ನೆಟ್ಟಿದ್ದಾರೆ, ರಿವರ್ ರೆಸ್ಟೊರೇಷನ್ ಅಂತೆ. ಸಂತೋಷವೇ. ಆದರೆ ಡ್ಯಾಮಿನ ಹಿಂದೆ ನೀರಿನಡಿ ನಿಂತಿರುವುದು ಮೊಣಕಾಲು ಹೂತುಹೋಗುವ ಕಪ್ಪು ಹೂಳು. ಹೊಳೆ ಆ ಮರಳನ್ನು ಕಣಕಣವಾಗಿ ಮತ್ತೆ ಹೊತ್ತು ತರಲು ಎಷ್ಟು ತಲೆಮಾರು ಬೇಕೋ. ಕಣ್ಣು ಮುಚ್ಚಿ ಹೊಳೆಯೊಳಗೆ ಓಡುವ ಧೈರ್ಯವನ್ನಂತೂ ಯಾವ ಎಂಜಿನಿಯರೂ ಕಟ್ಟಿಕೊಡಲಾರ.

ಹೋದ ವರ್ಷ ಅಲ್ಲಿಗೆ ಹೋದಾಗ ಪುಟ್ಟಿ ಮೊಮ್ಮಗಳೊಂದಿಗೆ ದಡದ ಮೇಲೆ ಕೂತಿದ್ದಳು. “ಬಾರೇ, ಮೆಟ್ಟಿಲಿದೆ, ರೇಲಿಂಗ್ ಇದೆ,” ಅಂದೆ.

“ನೀನ್ ಹೋಗವ್ವ.”

ವಾಪಸು ಹೊರಟ ಕಾರು ತಿರುಗುವಾಗ ಹಿಂತಿರುಗಿ ನೋಡಿದೆ. ಮಗು ನೀರಿಗೆ ಹೋಗಬೇಕೆಂದು ಅಳುತ್ತ ಎಳೆಯುತ್ತಿತ್ತು. ಪುಟ್ಟಿ ಅದರ ಲಂಗದ ಅಂಚನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ನೀರನ್ನೇ ನೋಡುತ್ತ ಕೂತಿದ್ದಳು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಹಾಗೆ.